ತೂತಿಗಿಂತ ಸಣ್ಣ ಧೂಳು

ಹೆದ್ದಾರಿಯ ಢಾಬಾದ ಮುಂದೆ ನಿಂತ ಹಳೇ ಲಾರಿಗಳನ್ನು ನೀವು ನೋಡಿರುತ್ತೀರಿ. ಡ್ರೈವರೂ ಕ್ಲೀನರೂ ಒಳಗೆ ಊಟಕ್ಕೆ ಕೂತಿದ್ದರೆ ಹೊರಗೆ ಎಂಜಿನ್ ಮಾತ್ರ ಗುಡುಗುಡು ಅನ್ನುತ್ತಲೇ ಇರುತ್ತದೆ. ಡೀಸೆಲಿನ ಬೆಲೆ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಆಫ್ ಮಾಡುವುದಿಲ್ಲ. ಕೆಲವರ ಬ್ಯಾಟರಿ ಸೋತಿರುತ್ತದೆ, ಕೆಲವರ ಸೆಲ್ಫ್ ಮೋಟಾರು ಕೈಕೊಟ್ಟಿರುತ್ತದೆ. ಇನ್ನು ಕೆಲವು ಲಾರಿಗಳ ಕಾಯಿಲೆ ವಿಚಿತ್ರವಾದದ್ದು. ಬೆಳಿಗ್ಗೆ ತಣ್ಣಗಿರುವಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ಎಂಜಿನ್, ಓಡಿ ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ. ಆಗ ಬಾನೆಟ್ ತೆಗೆದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ತಣ್ಣೀರು ಸುರಿಯುತ್ತಾರೆ. ಸ್ವಲ್ಪ ಹೊತ್ತಿಗೆ ಎಂಜಿನ್ ಏಳುತ್ತದೆ.

ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗಬೇಕು, ಅದು ಎಲ್ಲರ ಅನುಭವ. ಇಲ್ಲಿ ಉಲ್ಟಾ ಆಗುವುದೇಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ಲಾರಿಯ ಅತ್ಯಂತ ಅಗ್ಗದ ಭಾಗಗಳಲ್ಲೊಂದರ ಹತ್ತಿರ. ಅದು ಡೀಸೆಲ್ ಫಿಲ್ಟರ್.

ಕೂದಲಿಗಿಂತ ಕಿರಿದಾದ ಸಂದು

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ಡೀಸೆಲನ್ನು ನವಿರಾಗಿ ಸಿಂಪಡಿಸಿದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ನಾಝಲ್ ಬಾಯಿ ತೆರೆಯಬೇಕಾದರೆ ಹಳೇ ಲಾರಿಗಳಲ್ಲೂ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡ ಬೇಕು. ಆ ಒತ್ತಡ ಹುಟ್ಟಿಸುವುದು ಎಂಜಿನ್ನಿನ ಪಕ್ಕದಲ್ಲಿ ಕೂತಿರುವ ಪಂಪು. ಜರ್ಮನಿಯ ರಾಬರ್ಟ್ ಬಾಷ್ ಕಂಪನಿ ಇಂಥ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಲು ತೊಡಗಿದ್ದು 1927ರಲ್ಲಿ. ಭಾರತದ ಹಳೇ ಲಾರಿಗಳ ಪಂಪಿನ ಮೇಲೆ ಕಾಣುವ ‘ಮೈಕೋ’ ಹೆಸರು ನಮ್ಮ ಬೆಂಗಳೂರಿನದು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಪಂಪು, ನಾಝಲ್‌ಗಳೇ ದಶಕಗಳ ಕಾಲ ಈ ದೇಶದ ಸರಕು ಸಾಗಿಸಿದವು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮೈಕೋ ಪಂಪು.

ಆರು ಸಿಲಿಂಡರಿನ ಎಂಜಿನ್ನಿಗೆ ಪಂಪಿನೊಳಗೆ ಆರು ಜೊತೆ ಬಿಡಿಭಾಗಗಳಿರುತ್ತವೆ. ಒಂದು ಉಕ್ಕಿನ ಕೊಳವೆ, ಅದರೊಳಗೆ ಮೇಲೆ ಕೆಳಗೆ ಆಡುವ ಒಂದು ಉಕ್ಕಿನ ಕಡ್ಡಿ. ಗ್ಯಾರೇಜಿನಲ್ಲಿ ಈ ಜೋಡಿಗೆ ಎಲಿಮೆಂಟ್ ಅನ್ನುತ್ತಾರೆ. ಇದರಲ್ಲಿ ರಬ್ಬರ್ ಉಂಗುರವಿಲ್ಲ, ವಾಷರ್ ಇಲ್ಲ. ಅಷ್ಟು ಒತ್ತಡದ ಡೀಸೆಲ್ ಸೋರದಂತೆ ತಡೆಯುವುದು ಕಡ್ಡಿಗೂ ಕೊಳವೆಗೂ ನಡುವಿನ ಸಂದಿನ ಕಿರಿದುತನ ಒಂದೇ. ಆ ಸಂದು ಎರಡರಿಂದ ನಾಲ್ಕು ಮೈಕ್ರಾನ್. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಅಂದರೆ ಒಂದು ಮೈಕ್ರಾನ್; ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ.

ಇಷ್ಟು ಕಿರಿದಾದ ಸಂದಿನ ಲೆಕ್ಕ ಬಲು ನಿಷ್ಠುರ. ಅದು ಎರಡು ಪಟ್ಟು ಅಗಲವಾದರೆ ಸೋರಿಕೆ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಮೂರು ಪಟ್ಟಾದರೆ ಸೋರಿಕೆ ಇಪ್ಪತ್ತೇಳು ಪಟ್ಟು. ಇದರ ಜೊತೆಗೆ ಡೀಸೆಲ್ ಬಿಸಿಯಾದಂತೆ ತೆಳುವಾಗುತ್ತದೆ, ತೆಳುವಾದದ್ದು ಇನ್ನಷ್ಟು ಸಲೀಸಾಗಿ ನುಸುಳುತ್ತದೆ. ಎಂಜಿನ್ ಓಡುತ್ತಿರುವಾಗ ಕಡ್ಡಿ ಬಿರುಸಾಗಿ ಆಡುವುದರಿಂದ ಸೋರಲು ಸಮಯ ಸಿಗುವುದಿಲ್ಲ. ಸೆಲ್ಫ್ ಹೊಡೆಯುವಾಗ ಎಂಜಿನ್ ತಿರುಗುವುದೇ ನಿಧಾನ. ಸವೆದ ಪಂಪು, ತೆಳುವಾದ ಡೀಸೆಲ್, ನಿಧಾನದ ತಿರುಗು ಮೂರೂ ಸೇರಿದಾಗ ಒತ್ತಡ ನಾಝಲ್ ತೆರೆಯುವಷ್ಟು ಏರುವುದೇ ಇಲ್ಲ. ತಣ್ಣೀರು ಸುರಿದರೆ ಡೀಸೆಲ್ ಸ್ವಲ್ಪ ಮಂದವಾಗುತ್ತದೆ, ಎಂಜಿನ್ ಏಳುತ್ತದೆ. ಢಾಬಾದ ಮುಂದಿನ ಒಗಟು ಬಿಡಿಸಿದಂತಾಯಿತು.

ಆದರೆ ಗಟ್ಟಿ ಉಕ್ಕು ಸವೆದದ್ದು ಹೇಗೆ? ಧೂಳಿನಿಂದ. ನಮ್ಮ ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳವಾಗಿದೆ, ಬೆಣಚುಕಲ್ಲು ಪಂಪಿನ ಉಕ್ಕಿಗಿಂತ ಗಟ್ಟಿ. ಸಂಡೂರು, ಹೊಸಪೇಟೆಯ ಕಡೆ ಅದಿರು ಹೊತ್ತ ಲಾರಿಗಳಾದರೆ ಇದರ ಜೊತೆಗೆ ಕೆಂಪು ಅದಿರಿನ ಹುಡಿಯನ್ನೂ ಕುಡಿದಿವೆ. ಸಂದಿಗಿಂತ ಬಹಳ ದೊಡ್ಡ ಕಣ ಒಳಗೆ ಹೋಗಲಾರದು, ಬಹಳ ಸಣ್ಣದು ಗೋಡೆ ತಾಗದೆ ತೇಲಿ ಹೋಗುತ್ತದೆ. ಸರಿಯಾಗಿ ಸಂದಿನಷ್ಟೇ ಗಾತ್ರದ ಕಣ ಎರಡೂ ಕಡೆ ಉಜ್ಜುತ್ತ ಗೀರು ಹಾಕುತ್ತದೆ. ಕಣ್ಣಿಗೆ ಕಾಣುವ ಕಸಕ್ಕಿಂತ ಎಂದೂ ಕಾಣದ ಮೂರು-ನಾಲ್ಕು ಮೈಕ್ರಾನಿನ ಧೂಳೇ ಪಂಪಿನ ನಿಜವಾದ ಶತ್ರು.

ಫಿಲ್ಟರ್ ಜರಡಿಯಲ್ಲ

ಹಳೇ ಟಾಟಾ ಲಾರಿಗಳಲ್ಲಿ ಅಕ್ಕಪಕ್ಕ ಎರಡು ಫಿಲ್ಟರ್ ಬಟ್ಟಲುಗಳಿರುತ್ತಿದ್ದವು. ಮೊದಲನೆಯದರಲ್ಲಿ ದಪ್ಪ ಫೆಲ್ಟಿನ ಸುರುಳಿ, ಎರಡನೆಯದರಲ್ಲಿ ಕಾಗದ. ಈ ಕಾಗದವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮರದ ನಾರುಗಳು ಅಡ್ಡಾದಿಡ್ಡಿ ಬಿದ್ದಿರುವುದು ಕಾಣುತ್ತದೆ. ನಾರು ನಾರಿನ ನಡುವಿನ ಎಷ್ಟೋ ತೂತುಗಳು ನಾವು ಹಿಡಿಯಬೇಕೆಂದಿರುವ ಧೂಳಿಗಿಂತ ದೊಡ್ಡವು. ಆದರೂ ಆ ಧೂಳಿನಲ್ಲಿ ಒಂದು ಪಾಲು ಅಲ್ಲಿ ಸಿಕ್ಕಿಬೀಳುತ್ತದೆ. ಜರಡಿಯ ಲೆಕ್ಕದಲ್ಲಿ ಇದು ಆಗಬಾರದ ಕೆಲಸ.

ರಾಯಚೂರಿನ ಹತ್ತಿ ಮಾರುಕಟ್ಟೆಗೆ ಹೋಗುವ ದಾರಿಯನ್ನು ನೆನಪಿಸಿಕೊಳ್ಳಿ. ಸುಗ್ಗಿಯಲ್ಲಿ ಗಾಡಿಗಳಿಂದ ಹಾರಿದ ಹತ್ತಿ ದಾರಿಬದಿಯ ಜಾಲಿಗಿಡಗಳಿಗೆ ಅಂಟಿ ಬೆಳ್ಳಗೆ ಕಾಣುತ್ತದೆ. ಕೊಂಬೆಗಳ ನಡುವೆ ಕೈ ತೂರಿಸುವಷ್ಟು ಜಾಗವಿದೆ, ಹತ್ತಿಯ ಎಳೆ ಬೆರಳಿನಷ್ಟೂ ಇಲ್ಲ. ಆದರೂ ಸಿಕ್ಕಿಕೊಳ್ಳುತ್ತದೆ, ಯಾಕೆಂದರೆ ಅದು ತೂರಿ ಹೋಗಬೇಕಾದದ್ದು ಒಂದು ತೂತನ್ನಲ್ಲ, ಒಂದರ ಹಿಂದೊಂದು ನಿಂತ ನೂರು ಮುಳ್ಳುಗಳನ್ನು. ತೊಂಬತ್ತೊಂಬತ್ತು ತಪ್ಪಿಸಿಕೊಂಡು ಒಂದಕ್ಕೆ ತಾಗಿದರೂ ಅದರ ಪ್ರಯಾಣ ಅಲ್ಲಿಗೆ ಮುಗಿಯಿತು. ಕಾಗದದ ದಪ್ಪದೊಳಗೆ ಡೀಸೆಲ್ ನಾರುಗಳನ್ನು ಬಳಸುತ್ತ, ಬಾಗುತ್ತ, ತಿರುಗುತ್ತ ಹರಿಯುವಾಗ ಅದರೊಡನೆ ಹೋಗುವ ಕಣವೂ ಯಾವುದಾದರೊಂದು ನಾರಿಗೆ ಮೈ ತಾಗಿಸುತ್ತದೆ. ಒಮ್ಮೆ ತಾಗಿದರೆ ಅಣುಗಳ ನಡುವಿನ ಸಣ್ಣ ಸೆಳೆತವೇ ಅದನ್ನು ಹಿಡಿದಿಡಲು ಸಾಕು.

ಇನ್ನೊಂದು ವಿಷಯವನ್ನೂ ಆ ಜಾಲಿಗಿಡ ಹೇಳಿಕೊಡುತ್ತದೆ. ಮಂದ ಗಾಳಿಯಲ್ಲಿ ಸಿಕ್ಕ ಹತ್ತಿ ದಿನಗಟ್ಟಲೆ ಅಲ್ಲೇ ಇರುತ್ತದೆ. ಬಿರುಗಾಳಿ ಬಂದರೆ ಕಿತ್ತುಕೊಂಡು ಮುಂದೆ ಹಾರುತ್ತದೆ. ಫಿಲ್ಟರಿನಲ್ಲೂ ಹಾಗೆಯೇ: ಹಿಡಿದ ಧೂಳು ಹಿಡಿದಲ್ಲೇ ಉಳಿಯುವುದು ಹರಿವು ನಿಧಾನವಾಗಿರುವವರೆಗೆ. ಪಂಪಿನ ಪ್ರತಿ ಹೊಡೆತಕ್ಕೂ ಡೀಸೆಲ್ ಜಗ್ಗಿದರೆ, ಕೆಟ್ಟ ರಸ್ತೆಯಲ್ಲಿ ಫಿಲ್ಟರ್ ಅದುರಿದರೆ, ನಿನ್ನೆ ಹಿಡಿದದ್ದನ್ನು ಅದು ಇವತ್ತು ಬಿಟ್ಟುಕೊಡುತ್ತದೆ.

ಗಂಟೆಗೆ ಹನ್ನೆರಡು ಸೆಂಟಿಮೀಟರ್

ಹಳೇ ಲಾರಿಯ ಫಿಲ್ಟರನ್ನು ಸುಧಾರಿಸುವುದು ಅಂದರೆ ಏನು? ‘ಇನ್ನೂ ಸಣ್ಣ ಮೈಕ್ರಾನಿನ ಫಿಲ್ಟರ್ ಹಾಕುವುದು’ ಎಂದು ಹೆಚ್ಚಿನವರು ಹೇಳುತ್ತಾರೆ. ನನ್ನ ಪ್ರಕಾರ ಉತ್ತರ ಬೇರೆ. ಡೀಸೆಲಿನ ನಡಿಗೆಯನ್ನು ನಿಧಾನ ಮಾಡುವುದೇ ಸುಧಾರಣೆ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಒಂದು ಲೆಕ್ಕ ಹಾಕೋಣ. ಪಂಪು ತನಗೆ ಬೇಕಾದ್ದಕ್ಕಿಂತ ಹೆಚ್ಚು ಡೀಸೆಲ್ ಎಳೆದುಕೊಂಡು ಮಿಕ್ಕದ್ದನ್ನು ವಾಪಸ್ ಕಳಿಸುತ್ತದೆ. ಫಿಲ್ಟರಿನ ಮೂಲಕ ಗಂಟೆಗೆ 60 ಲೀಟರ್ ಹರಿಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಮಿಲಿಮೀಟರ್ ಒಳಅಗಲದ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ 21 ಸೆಂಟಿಮೀಟರ್. ಅದೇ ಡೀಸೆಲ್ ಅರ್ಧ ಚದರ ಮೀಟರ್ ಕಾಗದದ ಮೇಲೆ ಹರಡಿಕೊಂಡು ಹಾಯ್ದರೆ ವೇಗ ಗಂಟೆಗೆ 12 ಸೆಂಟಿಮೀಟರ್! ಸೆಕೆಂಡಿನ ಲೆಕ್ಕ ಗಂಟೆಯ ಲೆಕ್ಕವಾಯಿತು; ನಡಿಗೆ ಆರು ಸಾವಿರ ಪಟ್ಟು ತಗ್ಗಿತು. ಫಿಲ್ಟರಿನ ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಚುವುದು ಇದಕ್ಕಾಗಿಯೇ. ಅಂಗೈಯಗಲದ ಡಬ್ಬಿಯೊಳಗೆ ಅಷ್ಟು ದೊಡ್ಡ ಹಾಳೆಯನ್ನು ತುಂಬಲು ಬೇರೆ ದಾರಿಯಿಲ್ಲ.

ಕಾಗದದ ವಿಸ್ತೀರ್ಣ ಎರಡು ಪಟ್ಟಾದರೆ ಹಾಯುವ ವೇಗ ಅರ್ಧವಾಗುತ್ತದೆ, ಅದನ್ನು ತಳ್ಳಲು ಬೇಕಾದ ಒತ್ತಡವೂ ಅರ್ಧವಾಗುತ್ತದೆ. ಧೂಳಿಗೆ ಎರಡರಷ್ಟು ಜಾಗ ಸಿಗುತ್ತದೆ. ಧೂಳು ಕೂತಂತೆ ದಾರಿ ಬಿಗಿಯಾಗುವುದೂ ತಡವಾಗುವುದರಿಂದ ಫಿಲ್ಟರಿನ ಆಯುಸ್ಸು ಎರಡು ಪಟ್ಟಿಗಿಂತ ಹೆಚ್ಚೇ ಬೆಳೆಯುತ್ತದೆ. ಇದರ ಬದಲು ಅದೇ ಗಾತ್ರದ ಡಬ್ಬಿಯಲ್ಲಿ ಬರೀ ತೂತು ಸಣ್ಣದು ಮಾಡಿದರೆ ಒತ್ತಡದ ಹೊರೆ ಏರುತ್ತದೆ, ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಏರುದಾರಿಯಲ್ಲಿ ಲೋಡಿನ ಲಾರಿ ಏದುಸಿರು ಬಿಡುತ್ತದೆ. ಸಣ್ಣ ತೂತು ಬೇಕಾದರೆ ದೊಡ್ಡ ಹಾಳೆಯ ಬೆಲೆ ಕೊಡಲೇಬೇಕು.

ಹೊಂಗೆ ಎಣ್ಣೆಯ ವಿಷಯವೂ ಇಲ್ಲಿ ಬರುತ್ತದೆ. ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವಿದೆ. ಇಂಥ ಕಡೆಗಳ ಕೆಲಸದಿಂದಾಗಿ ನಮ್ಮ ರೈತರಲ್ಲಿ ಹೊಂಗೆಯಿಂದ ಎಂಜಿನ್ ಓಡಿಸುವ ಆಸೆ ಚಿಗುರಿದೆ. ಆ ಆಸೆ ಒಳ್ಳೆಯದು. ಆದರೆ ಗಾಣದಿಂದ ಬಂದ ಹಸಿ ಹೊಂಗೆ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ಅದೇ ಫಿಲ್ಟರಿನಲ್ಲಿ ಅದೇ ವೇಗದಲ್ಲಿ ಹಾಯಿಸಲು ಹತ್ತು ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಸಂಸ್ಕರಿಸಿ ತಯಾರಿಸಿದ ಬಯೋಡೀಸೆಲ್ ಅಷ್ಟು ಮಂದವಲ್ಲ. ಆದರೆ ಅದು ಹಳೇ ಟ್ಯಾಂಕಿನ ಗೋಡೆಗೆ ವರ್ಷಗಳಿಂದ ಹತ್ತಿದ ಕಿಟ್ಟವನ್ನು ಕರಗಿಸಿ ತರುತ್ತದೆ, ಮೊದಲ ಕೆಲವು ಟ್ಯಾಂಕುಗಳಲ್ಲಿ ಫಿಲ್ಟರ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಅದನ್ನು ಕಂಡು ಬಯೋಡೀಸೆಲನ್ನೇ ದೂರಬಾರದು.

ನೀರಿನ ಹನಿಯ ಇಳಿಜಾರು

ಡೀಸೆಲಿನಲ್ಲಿ ನೀರು ಬರುವುದು ಎಲ್ಲಿಂದ? ರಾತ್ರಿ ತಂಪಿಗೆ ಟ್ಯಾಂಕಿನೊಳಗಿನ ಗಾಳಿ ಬೆವರುತ್ತದೆ ಎಂದು ಹೇಳುವುದುಂಟು. ಅದು ನಿಜ, ಆದರೆ ಎಷ್ಟು ನೀರು? ಟ್ಯಾಂಕಿನಲ್ಲಿ 150 ಲೀಟರ್ ಜಾಗ ಖಾಲಿಯಿದ್ದು, ಅದರಲ್ಲಿ ಮಳೆಗಾಲದ ತೇವದ ಗಾಳಿ ಪೂರ್ತಿ ತುಂಬಿದ್ದು, ಅದು 30 ಡಿಗ್ರಿಯಿಂದ 20 ಡಿಗ್ರಿಗೆ ತಣಿದರೆ ಇಳಿಯುವ ನೀರು ಸುಮಾರು ಎರಡು ಗ್ರಾಂ. ರಾತ್ರಿಗೆ ಎರಡು ಗ್ರಾಂ ತಿಂಗಳಾದರೆ ಒಂದು ಸಣ್ಣ ಲೋಟದಷ್ಟಾದೀತು. ಮುಚ್ಚಳದ ಗ್ಯಾಸ್ಕೆಟ್ ಹರಿದ ಟ್ಯಾಂಕು, ಅಂಗಳದಲ್ಲಿ ಮಳೆಗೆ ನಿಂತ ಬ್ಯಾರಲ್ಲು ಒಂದೇ ದಿನದಲ್ಲಿ ಅದಕ್ಕಿಂತ ಹೆಚ್ಚು ನೀರು ಕುಡಿಸಬಲ್ಲವು. ಮೊದಲು ರಿಪೇರಿ ಆಗಬೇಕಾದದ್ದು ಅವು.

ನೀರು ಪಂಪಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎಲಿಮೆಂಟಿಗೆ ಡೀಸೆಲೇ ಗ್ರೀಸು. ನೀರಿಗೆ ಆ ಜಿಡ್ಡುತನವಿಲ್ಲ. ಸಾಲದ್ದಕ್ಕೆ ನೀರೂ ಡೀಸೆಲೂ ಸೇರುವ ಗೆರೆಯಲ್ಲಿ ಜೀವಿಗಳು ಮನೆ ಮಾಡುತ್ತವೆ. ಹಾರ್ಮೋಕಾನಿಸ್ ರೆಸಿನೇ ಎಂಬ ಒಂದು ಬೂಷ್ಟು ಡೀಸೆಲನ್ನು ಉಂಡು, ನೀರನ್ನು ಕುಡಿದು ಕಪ್ಪನೆಯ ಲೋಳೆಯಾಗಿ ಬೆಳೆಯುತ್ತದೆ. ಹೊಸ ಫಿಲ್ಟರ್ ವಾರದೊಳಗೆ ಕಟ್ಟಿಕೊಂಡು, ಬಿಚ್ಚಿದಾಗ ಲೋಳೆ ಕಂಡರೆ ತಪ್ಪು ಫಿಲ್ಟರಿನದಲ್ಲ, ಟ್ಯಾಂಕಿನ ತಳದ ನೀರಿನದು.

ನೀರು ಡೀಸೆಲಿಗಿಂತ ಭಾರ, ಆದ್ದರಿಂದ ಕೆಳಗಿಳಿಯುತ್ತದೆ. ಎಷ್ಟು ಬೇಗ ಇಳಿಯುತ್ತದೆ ಎನ್ನುವುದನ್ನು ಹನಿಯ ಗಾತ್ರ ತೀರ್ಮಾನಿಸುತ್ತದೆ. ನೂರು ಮೈಕ್ರಾನಿನ ಹನಿ ಡೀಸೆಲಿನಲ್ಲಿ ಗಂಟೆಗೆ ಸುಮಾರು ಒಂದು ಮೀಟರ್ ಇಳಿಯುತ್ತದೆ. ಗಾತ್ರ ಹತ್ತನೇ ಒಂದಾದರೆ ವೇಗ ನೂರನೇ ಒಂದು! ಹತ್ತು ಮೈಕ್ರಾನಿನ ಹನಿ ಗಂಟೆಗೆ ಇಳಿಯುವುದು ಒಂದೇ ಸೆಂಟಿಮೀಟರ್.

ಈಗ ಹಿಂದಿನ ಲೆಕ್ಕವನ್ನು ಪಕ್ಕದಲ್ಲಿಡಿ. ಎಂಟು ಸೆಂಟಿಮೀಟರ್ ಅಗಲದ ಖಾಲಿ ಬಟ್ಟಲಿನಲ್ಲಿ 60 ಲೀಟರಿನ ಹರಿವು ಗಂಟೆಗೆ ಹನ್ನೆರಡು ಮೀಟರ್ ವೇಗದಲ್ಲಿ ಮೇಲೇರುತ್ತದೆ. ಗಂಟೆಗೆ ಒಂದು ಮೀಟರ್ ಇಳಿಯುವ ಹನಿ ಅದರ ಎದುರು ನಿಲ್ಲಲಾರದು, ಕೊಚ್ಚಿಹೋಗುತ್ತದೆ. ಅದೇ ಬಟ್ಟಲಿನಲ್ಲಿ ನೀರಿಗೆ ನೆನೆಯದಂತೆ ಸಿಲಿಕೋನ್ ಸವರಿದ ಅರ್ಧ ಚದರ ಮೀಟರ್ ಕಾಗದವನ್ನು ನೆರಿಗೆ ಹಾಕಿ ಇಟ್ಟರೆ, ಕಾಗದದ ಹತ್ತಿರ ಹರಿವು ಗಂಟೆಗೆ ಹನ್ನೆರಡು ಸೆಂಟಿಮೀಟರಿಗೆ ತಗ್ಗುತ್ತದೆ. ಅಲ್ಲಿ ಹನಿಗೆ ಒಳಗೆ ಪ್ರವೇಶವಿಲ್ಲ. ಕಾಗದದ ಮೇಲೆ ನಿಲ್ಲುತ್ತದೆ, ನೆರೆಯ ಹನಿಯೊಡನೆ ಕೂಡಿ ದಪ್ಪವಾಗುತ್ತದೆ, ಜಾರಿ ತಳ ಸೇರುತ್ತದೆ. ನೀರು ಬೇರ್ಪಡಕದ ಕೆಲಸ ಇಷ್ಟೇ. ಅಂಗಡಿಯಲ್ಲಿ ಕೇಳುವಾಗ ವಾಟರ್ ಸೆಪರೇಟರ್ ಅನ್ನಿ.

ಹತ್ತು ಮೈಕ್ರಾನಿನ ಹನಿಯನ್ನು ಮಾತ್ರ ಈ ನಿಧಾನವೂ ಗೆಲ್ಲಲಾರದು. ಅಂಥ ಹನಿ ಹುಟ್ಟದಂತೆ ನೋಡಿಕೊಳ್ಳುವುದೇ ಉಪಾಯ. ಅವು ಹುಟ್ಟುವುದು ಫೀಡ್ ಪಂಪಿನಲ್ಲಿ, ಅಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಆ ಸಣ್ಣ ಪಂಪಿನಲ್ಲಿ. ಅದರ ವಾಲ್ವುಗಳ ಬಡಿತಕ್ಕೆ ದೊಡ್ಡ ಹನಿ ಸಿಡಿದು ಸಾವಿರಾರು ಪುಟ್ಟ ಹನಿಗಳಾಗುತ್ತದೆ. ಆದ್ದರಿಂದ ಬೇರ್ಪಡಕವನ್ನು ಕೂರಿಸಬೇಕಾದ ಜಾಗ ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ, ಹನಿಗಳು ಇನ್ನೂ ದೊಡ್ಡದಾಗಿರುವಲ್ಲಿ. ಹಳೇ ಲಾರಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ.

ಫೀಡ್ ಪಂಪು ಎಳೆಯುವ ಕಡೆಗೆ ಒಂದು ಮಿತಿಯಿದೆ. ಎಷ್ಟೇ ಎಳೆದರೂ ಡೀಸೆಲನ್ನು ಹಿಂದಿನಿಂದ ತಳ್ಳುವುದು ಬರೀ ವಾತಾವರಣದ ಒತ್ತಡ. ತೀರಾ ನವಿರು ಕಾಗದ ಇಟ್ಟರೆ ಡೀಸೆಲಿನಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಹೊರಬರುತ್ತದೆ, ಲಾರಿ ಏರ್ ಹಿಡಿಯುತ್ತದೆ. ಇಲ್ಲಿ 30 ಮೈಕ್ರಾನಿನ ಒರಟು ಕಾಗದ ಸಾಕು. ನವಿರಾದದ್ದು ಫೀಡ್ ಪಂಪಿನ ಆಚೆ, ತಳ್ಳುವ ಕಡೆ ಇರಲಿ. ಇನ್ನೊಂದು ಎಚ್ಚರ: ಎಳೆಯುವ ಕಡೆಯ ಪೈಪಿನಲ್ಲಿ ಸೋರಿಕೆಯಾದರೆ ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಹೊಸ ಜಾಯಿಂಟುಗಳಿಗೆ ಹೊಸ ತಾಮ್ರದ ವಾಷರ್ ಹಾಕಿ.

ಹಸಿದ ಪಂಪು

ಅಮೆರಿಕದಲ್ಲಿ 1998ರ ನಡುವಿನಿಂದ 2002ರವರೆಗೆ ಬಂದ ಡಾಡ್ಜ್ ರಾಮ್ ಪಿಕಪ್‌ಗಳ 5.9 ಲೀಟರ್ ಕಮ್ಮಿನ್ಸ್ ಎಂಜಿನ್ ಗಟ್ಟಿತನಕ್ಕೆ ಹೆಸರಾಯಿತು. ಅದರ ವಿಪಿ44 ಎಂಬ ಪಂಪಿಗೆ ಮಾತ್ರ ಒಂದು ಅವಲಂಬನೆಯಿತ್ತು: ಹಾದುಹೋಗುವ ಡೀಸೆಲೇ ಅದನ್ನು ತಣಿಸಬೇಕು, ಅದೇ ಜಿಡ್ಡನ್ನೂ ಕೊಡಬೇಕು. ಎಂಜಿನ್ನಿನ ಮೇಲೆ ಕೂತು ದೂರದ ಟ್ಯಾಂಕಿನಿಂದ ಎಳೆಯುತ್ತಿದ್ದ ವಿದ್ಯುತ್ ಫೀಡ್ ಪಂಪು ಸೋತಾಗ, ಅಥವಾ ಫಿಲ್ಟರ್ ಕಟ್ಟಿಕೊಂಡಾಗ, ಗಾಡಿ ಓಡುತ್ತಲೇ ಇರುತ್ತಿತ್ತು, ದುಬಾರಿ ಪಂಪು ಒಳಗೊಳಗೇ ಹಸಿದು ಸಾಯುತ್ತಿತ್ತು. ಅಲ್ಲಿನ ಮಾಲೀಕರು ಪೈಪುಗಳನ್ನು ಅಗಲ ಮಾಡಿದರು, ಫೀಡ್ ಪಂಪನ್ನು ಟ್ಯಾಂಕಿನ ಹತ್ತಿರ ಇಳಿಸಿದರು, ಫಿಲ್ಟರುಗಳನ್ನು ದೊಡ್ಡದು ಮಾಡಿದರು. ಎಲ್ಲಕ್ಕಿಂತ ಮುಖ್ಯವಾಗಿ, ಫಿಲ್ಟರ್ ದಾಟಿದ ಮೇಲಿನ ಪೈಪಿಗೆ ಒತ್ತಡದ ಗೇಜು ಹಾಕಿದರು.

ಈ ಗೇಜು ನಮ್ಮ ಲಾರಿಗಳಿಗೂ ಬೇಕು. ಫಿಲ್ಟರ್ ಕಟ್ಟಿದೆಯೋ ಇಲ್ಲವೋ ಎನ್ನುವುದನ್ನು ಕಿಲೋಮೀಟರ್ ಹೇಳಲಾರದು. ಮಲೆನಾಡಿನ ಟಾರು ರಸ್ತೆಯ ಕಿಲೋಮೀಟರಿಗೂ ಕಲ್ಲುಕ್ವಾರಿಯ ಕಿಲೋಮೀಟರಿಗೂ ಹೋಲಿಕೆಯೇ ಇಲ್ಲ. ಲೋಡಿನಲ್ಲಿ ಮುಳ್ಳು ದಿನೇ ದಿನೇ ಇಳಿಯುತ್ತಿದ್ದರೆ ಅದು ಫಿಲ್ಟರ್ ಬದಲಿಸುವ ಕಾಲ.

ಕೊಳ್ಳುವಾಗ ಡಬ್ಬಿಯ ಮೇಲಿನ ಮೈಕ್ರಾನ್ ಸಂಖ್ಯೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ‘10 ಮೈಕ್ರಾನ್’ ಎಂದು ಬರೆದ ಎರಡು ಫಿಲ್ಟರುಗಳಲ್ಲಿ ಒಂದು ಆ ಗಾತ್ರದ ನೂರು ಕಣಗಳಲ್ಲಿ ಐವತ್ತನ್ನಷ್ಟೇ ಹಿಡಿಯಬಹುದು, ಇನ್ನೊಂದು ತೊಂಬತ್ತೆಂಟನ್ನು ಮೀರಬಹುದು. ಎಷ್ಟು ಒಳಹೋಯಿತು, ಎಷ್ಟು ಹೊರಬಂತು ಎಂಬ ಭಾಗಾಕಾರಕ್ಕೆ ಬೀಟಾ ಅನ್ನುತ್ತಾರೆ. ಬೀಟಾ 2 ಅಂದರೆ ಅರ್ಧ ನುಸುಳಿತು; ಬೀಟಾ 75 ಅಂದರೆ ಎಪ್ಪತ್ತೈದರಲ್ಲಿ ಒಂದೇ ನುಸುಳಿತು. ತಯಾರಕರು ಆ ಸಂಖ್ಯೆ ಕೊಟ್ಟಿದ್ದರೆ ಅದನ್ನು ಓದಿ. ಕೊಟ್ಟಿಲ್ಲದಿದ್ದರೆ ನೆರಿಗೆಗಳು ಹೆಚ್ಚಿರುವ, ಡಬ್ಬಿ ದೊಡ್ಡದಿರುವ ಫಿಲ್ಟರನ್ನೇ ಆರಿಸಿ.

ಕೂರಿಸಿದ ಮೇಲೆ

ಬೇರ್ಪಡಕದ ತಳದ ಕೊಳಾಯಿಯನ್ನು ಬೆಳಿಗ್ಗೆ, ಸೆಲ್ಫ್ ಹೊಡೆಯುವ ಮೊದಲೇ ತೆರೆಯಬೇಕು. ಹಗಲೆಲ್ಲ ಬಿಸಿಯಾಗಿದ್ದ ಡೀಸೆಲಿನಲ್ಲಿ ಕರಗಿದ್ದ ನೀರು ರಾತ್ರಿ ತಣಿದಾಗ ಹನಿಯಾಗಿ ಬೇರೆಯಾಗುತ್ತದೆ, ಪುಟ್ಟ ಹನಿಗಳಿಗೂ ಬಟ್ಟಲಿನ ತಳ ಮುಟ್ಟಲು ಇಡೀ ರಾತ್ರಿ ಸಿಗುತ್ತದೆ. ಎಂಜಿನ್ ಓಡಲು ತೊಡಗಿದರೆ ಎಲ್ಲ ಮತ್ತೆ ಕಲಕಿಹೋಗುತ್ತದೆ. ಬಸಿದ ನೀರು-ಡೀಸೆಲನ್ನು ನೆಲಕ್ಕೂ ಚರಂಡಿಗೂ ಸುರಿಯದೆ ಕ್ಯಾನಿನಲ್ಲಿ ಹಿಡಿದು ಹಳೇ ಆಯಿಲ್ ಒಯ್ಯುವವರಿಗೆ ಕೊಡಿ.

ಕೊನೆಯದಾಗಿ, ಹೊಸ ಫಿಲ್ಟರ್ ಹಾಕುವಾಗ ಬಹಳ ಮಂದಿ ಮಾಡುವ ಒಂದು ಕೆಲಸವನ್ನು ದಯವಿಟ್ಟು ಬಿಡಿ. ಬೇಗ ಸ್ಟಾರ್ಟ್ ಆಗಲೆಂದು ಕ್ಯಾನಿನ ಡೀಸೆಲನ್ನು ಫಿಲ್ಟರಿನ ನಡುವಿನ ತೂತಿಗೆ ಸುರಿದು ತುಂಬಿಸುತ್ತಾರೆ. ಆ ತೂತು ಸೋಸಿದ ಡೀಸೆಲ್ ಹೊರಹೋಗುವ ದಾರಿ. ಅಲ್ಲಿಗೆ ಸುರಿದ ಡೀಸೆಲ್ ಯಾವ ಕಾಗದವನ್ನೂ ದಾಟದೆ ತನ್ನ ಧೂಳಿನ ಸಮೇತ ನೇರ ಎಲಿಮೆಂಟಿಗೆ ಹೋಗುತ್ತದೆ. ಫಿಲ್ಟರನ್ನು ಖಾಲಿಯಾಗಿಯೇ ಕೂರಿಸಿ. ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಹೊಡೆಯಿರಿ, ಆಮೇಲೆ ಸ್ಕ್ರೂ ಬಿಗಿದು ಸ್ಟಾರ್ಟ್ ಮಾಡಿ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಪಂಪಿಗೆ ಮಾತ್ರ ಸೋಸಿದ ಡೀಸೆಲೇ ಸಿಗುತ್ತದೆ.